ಮಗುವಿನ ಬಾಯಿ ಸೊಟ್ಟಗಾದರೆ ರಕ್ತ ಪರೀಕ್ಷೆ ಯಾಕೆ?

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ನಿನ್ನೆ ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರೆಲ್ಲ ಎಡಗಡೆಯಿಂದ ಸೋರಿತು. ನೋಡಿದರೆ ಬಾಯಿ ಬಲಕ್ಕೆ ಎಳೆದುಕೊಂಡಿದೆ, ಎಡಗಣ್ಣು ಪೂರ್ತಿ ಮುಚ್ಚುತ್ತಿಲ್ಲ. ಡಾಕ್ಟರು ‘ಬೆಲ್ಸ್ ಪಾಲ್ಸಿ ಇರಬೇಕು, ಹೆದರಬೇಡಿ’ ಅಂದರು. ಆದರೆ ಸ್ಟಿರಾಯ್ಡ್ ಶುರು ಮಾಡೋಕೆ ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಂಡೇ ಬನ್ನಿ ಎಂದು ಚೀಟಿ ಬರೆದುಕೊಟ್ಟರು. ಯಾಕೆ ಅಂತ ಕೇಳಿದ್ದಕ್ಕೆ ‘ತುಂಬಾ ಅಪರೂಪಕ್ಕೆ ಬ್ಲಡ್ ಕ್ಯಾನ್ಸರ್ ಹೀಗೂ ಕಾಣಿಸಿಕೊಳ್ಳುತ್ತೆ’ ಅಂದರು. ರಾತ್ರಿಯೆಲ್ಲ ನಿದ್ದೆ ಇಲ್ಲ. ಮುಖಕ್ಕೂ ರಕ್ತದ ಕ್ಯಾನ್ಸರಿಗೂ ಏನು ಸಂಬಂಧ? ಮಾತ್ರೆ ತಡವಾದರೆ ಮುಖ ಹಾಗೇ ಉಳಿದುಬಿಡುತ್ತಾ? ರಿಪೋರ್ಟ್ ನಾರ್ಮಲ್ ಬಂದರೆ ನಿಶ್ಚಿಂತೆಯಿಂದ ಇರಬಹುದಾ?

ಉತ್ತರ: ಮೊದಲು ನಿಮ್ಮ ನಿದ್ದೆಯ ವಿಚಾರ ಮಾತಾಡೋಣ. ನಿಮ್ಮ ಮಗನಿಗೆ ಆಗಿರುವುದು ಬಹುಮಟ್ಟಿಗೆ ತಾನಾಗಿಯೇ ಸರಿಹೋಗುವ ತೊಂದರೆ. ಮುಖದ ಒಂದು ಭಾಗ ಹೀಗೆ ಇದ್ದಕ್ಕಿದ್ದಂತೆ ಸೋಲುವುದು ಅಷ್ಟೇನೂ ಅಪರೂಪವಲ್ಲ. ಅದರ ಹಿಂದೆ ರಕ್ತದ ಕ್ಯಾನ್ಸರ್ ಇರುವುದು ಮಾತ್ರ ಬಹಳ ಬಹಳ ಅಪರೂಪ. ಹಾಗಾದರೆ ಪರೀಕ್ಷೆ ಯಾಕೆ? ನಿಮ್ಮ ಡಾಕ್ಟರು ಮಾಡಿದ್ದು ಸರಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಅದಕ್ಕೆ ಕಾರಣ ಕಾಯಿಲೆಗಿಂತ ಹೆಚ್ಚಾಗಿ ಆ ಮಾತ್ರೆಯಲ್ಲಿದೆ. ಅದನ್ನು ಬಿಡಿಸಿ ಹೇಳುತ್ತೇನೆ.

ಮುಖದ ಸ್ನಾಯುಗಳನ್ನು ಆಡಿಸುವುದು ಏಳನೇ ಕಪಾಲ ನರ. ಎಡಕ್ಕೊಂದು, ಬಲಕ್ಕೊಂದು. ಮೆದುಳಿನ ಬುಡದಿಂದ ಹೊರಟು, ಕಿವಿಯ ಹಿಂದಿನ ಗಟ್ಟಿ ಮೂಳೆಯೊಳಗೆ ಸುಮಾರು 3 ಸೆಂಟಿಮೀಟರ್ ಉದ್ದದ ಒಂದು ಕೊಳವೆಯಲ್ಲಿ ತೂರಿಕೊಂಡು, ಕಿವಿಯ ಕೆಳಗೆ ಹೊರಬಂದು ಮುಖದ ತುಂಬ ಕವಲೊಡೆಯುತ್ತದೆ. ಆ ಕೊಳವೆಯ ತೀರಾ ಇಕ್ಕಟ್ಟಾದ ಜಾಗದ ಅಗಲ 1 ಮಿಲಿಮೀಟರ್ ಕೂಡ ಇಲ್ಲ. ಸುತ್ತಲೂ ಮೂಳೆ. ನರ ಸ್ವಲ್ಪ ಊದಿಕೊಂಡರೂ ಹಿಗ್ಗಲು ಜಾಗವಿಲ್ಲ, ಅಲ್ಲೇ ಅಮುಕಿಹೋಗುತ್ತದೆ. ಬೆಲ್ಸ್ ಪಾಲ್ಸಿಯಲ್ಲಿ ಆಗುವುದು ಇಷ್ಟೇ. ಸ್ಕಾಟ್ಲೆಂಡ್ ಮೂಲದ ವೈದ್ಯ ಚಾರ್ಲ್ಸ್ ಬೆಲ್ 1821ರಲ್ಲಿ ಈ ನರದ ಕೆಲಸವನ್ನು ವಿವರಿಸಿದ, ಅವನ ಹೆಸರೇ ಕಾಯಿಲೆಗೆ ಅಂಟಿಕೊಂಡಿತು. ಹರ್ಪಿಸ್ ಜಾತಿಯ ವೈರಸ್ ಮತ್ತೆ ಕೆರಳುವುದರಿಂದ ನರ ಊದಿಕೊಳ್ಳುತ್ತದೆ ಎಂಬ ವಾದಕ್ಕೆ ಒಳ್ಳೇ ಬಲವಿದೆ.

ಆದರೆ ಒಂದು ಮಾತು ನೆನಪಿಡಿ. ಬೆಲ್ಸ್ ಪಾಲ್ಸಿ ಎನ್ನುವುದು ಬೇರೆ ಕಾರಣ ಯಾವುದೂ ಸಿಗದಿದ್ದಾಗ ಕೊಡುವ ಹೆಸರು. ಅಂದರೆ ಬೇರೆ ಕಾರಣ ಇದೆಯಾ ಎಂದು ಮೊದಲು ಹುಡುಕಿರಬೇಕು. ಕಿವಿಯೊಳಗೆ ಕೀವು ತುಂಬಿದೆಯಾ, ಕಿವಿಯ ಮೇಲೆ ಅಥವಾ ಬಾಯೊಳಗೆ ನೀರುಗುಳ್ಳೆ ಎದ್ದಿದೆಯಾ, ತಲೆಗೆ ಪೆಟ್ಟು ಬಿದ್ದಿತ್ತಾ, ರಕ್ತದೊತ್ತಡ ಎಷ್ಟಿದೆ. ಕೊನೆಯದನ್ನು ಮಕ್ಕಳಲ್ಲಿ ಎಷ್ಟೋ ಕಡೆ ನೋಡುವುದೇ ಇಲ್ಲ. ಮಕ್ಕಳಿಗೆ ಬಿಪಿ ವಿಪರೀತ ಏರಿದಾಗ ಮೊದಲ ಸುಳಿವಾಗಿ ಮುಖ ಸೊಟ್ಟಗಾಗುವುದುಂಟು, ಮೇಲೆ ಸ್ಟಿರಾಯ್ಡ್ ಕೊಟ್ಟರೆ ಬಿಪಿ ಇನ್ನೂ ಏರುತ್ತದೆ. ನಿಮ್ಮ ಮಗನಿಗೆ ಅಳೆಯದಿದ್ದರೆ ನಾಳೆ ಕೇಳಿ ಅಳೆಸಿ.

ಇನ್ನು ನೀವು ಕೇಳಿದ ಸಂಬಂಧ. ರಕ್ತದ ಕ್ಯಾನ್ಸರ್, ಅಂದರೆ ಲುಕೇಮಿಯಾ, ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿ ಬೆಳೆದು ದೊಡ್ಡದಾಗಿ ರಕ್ತಕ್ಕೆ ಇಳಿಯಬೇಕಾದ ಬಿಳಿ ಕಣ ಬೆಳೆಯುವುದೇ ಇಲ್ಲ, ಎಳೆಯದಾಗಿಯೇ ಉಳಿದು ಲೆಕ್ಕವಿಲ್ಲದಷ್ಟು ಮರಿ ಹಾಕುತ್ತದೆ. ಈ ಎಳೆಯ ಕಣಗಳಿಗೆ ಬ್ಲಾಸ್ಟ್ ಎನ್ನುತ್ತಾರೆ. ರಕ್ತ ಎಲ್ಲಿಗೆಲ್ಲ ಹೋಗುತ್ತದೋ ಅಲ್ಲಿಗೆಲ್ಲ ಇವೂ ಹೋಗಬಲ್ಲವು. ಮೆದುಳನ್ನು ಸುತ್ತಿದ ಪೊರೆಯಲ್ಲಿ ಸೇರಿಕೊಂಡರೆ, ಅಲ್ಲಿಂದ ಹೊರಡುವ ನರದ ಬುಡವನ್ನೇ ಮುತ್ತುತ್ತವೆ. ಕಿವಿ ಹಿಂದಿನ ಮೂಳೆಯೊಳಗೂ ಮಜ್ಜೆ ಇರುತ್ತದೆ, ಅಲ್ಲಿ ತುಂಬಿಕೊಂಡರೆ ನಾನು ಹೇಳಿದ ಆ ಇಕ್ಕಟ್ಟಿನ ಕೊಳವೆಯಲ್ಲಿ ನರ ಸಿಕ್ಕಿಬೀಳುತ್ತದೆ. ಕೆಲವೊಮ್ಮೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಕಡಿಮೆಯಾಗಿ ನರದ ಸುತ್ತ ರಕ್ತ ಒಸರಿರುತ್ತದೆ. ಇನ್ನು ಕೆಲವೊಮ್ಮೆ ಸೋಂಕು ತಡೆಯುವ ಶಕ್ತಿ ಕುಗ್ಗಿ ಕಿವಿಯೊಳಗೆ ಕೀವಾಗಿ, ಅದು ನರವನ್ನು ಹಿಡಿದಿರುತ್ತದೆ. ದಾರಿ ಯಾವುದಾದರೂ ಹೊರಗೆ ಕಾಣುವುದು ಒಂದೇ, ಸೊಟ್ಟಗಾದ ಬಾಯಿ.

ಮೈಲಾಯ್ಡ್ ಜಾತಿಯ ಲುಕೇಮಿಯಾದಲ್ಲಿ ಇನ್ನೊಂದು ವಿಚಿತ್ರವಿದೆ. ಬ್ಲಾಸ್ಟ್‌ಗಳು ಕೆಲವೊಮ್ಮೆ ಒಂದೆಡೆ ಗಡ್ಡೆಯಾಗಿ ಕೂಡಿಕೊಳ್ಳುತ್ತವೆ. ಹೊಸದಾಗಿ ಕೊಯ್ದು ನೋಡಿದರೆ ಕೆಲವು ಗಡ್ಡೆಗಳು ಹಸಿರಾಗಿ ಕಾಣುತ್ತವೆ, ಆ ಕಣಗಳಲ್ಲಿರುವ ಒಂದು ಕಿಣ್ವದ ಬಣ್ಣ ಅದು. 1811ರಷ್ಟು ಹಿಂದೆಯೇ ವೈದ್ಯರು ಇದನ್ನು ಬರೆದಿಟ್ಟಿದ್ದಾರೆ. ಇಂಥ ಗಡ್ಡೆ ಕಿವಿ ಹಿಂದೆ ಬೆಳೆದು ಮುಖ ಸೋತಾಗ ರಕ್ತದ ರಿಪೋರ್ಟ್ ಇನ್ನೂ ಚೆನ್ನಾಗಿಯೇ ಇರಬಹುದು. ನಿಮ್ಮ ಮೂರನೇ ಪ್ರಶ್ನೆಗೆ ಬರುವಾಗ ಇದು ಬೇಕಾಗುತ್ತದೆ.

ಈಗ ಮಾತ್ರೆ. ನರದ ಊತ ಇಳಿಸಲೆಂದು ಕೊಡುವ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಇದೆಯಲ್ಲ, ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ರಕ್ತದ ಕ್ಯಾನ್ಸರಿಗೆ, ಅಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೇಮಿಯಾಕ್ಕೆ, ಅದೇ ಜಾತಿಯ ಮಾತ್ರೆಯೇ ಚಿಕಿತ್ಸೆಯ ಮೊದಲ ಅಸ್ತ್ರಗಳಲ್ಲಿ ಒಂದು. ಅದು ಎಷ್ಟು ಬೇಗ ಕೆಲಸ ಮಾಡುತ್ತದೆ ಗೊತ್ತಾ? ಜರ್ಮನಿಯಲ್ಲಿ ಶುರುವಾದ ಬಿಎಫ್‌ಎಂ ಎಂಬ ಚಿಕಿತ್ಸಾ ಕ್ರಮದಲ್ಲಿ ಮೊದಲ ಏಳು ದಿನ ಈ ಸ್ಟಿರಾಯ್ಡ್ ಕೊಟ್ಟು, ಬೆನ್ನಿನ ನೀರಿಗೆ (ಮೆದುಳು, ಬೆನ್ನುಹುರಿಯ ಸುತ್ತ ಇರುವ ದ್ರವಕ್ಕೆ) ಒಂದು ಔಷಧಿ ಹಾಕಿ, ಎಂಟನೇ ದಿನ ರಕ್ತ ನೋಡುತ್ತಾರೆ. ಬಹಳಷ್ಟು ಮಕ್ಕಳಲ್ಲಿ ಅಷ್ಟರೊಳಗೆ ಬ್ಲಾಸ್ಟ್‌ಗಳು ಮೈಕ್ರೋಲೀಟರಿಗೆ 1,000ಕ್ಕಿಂತ ಕೆಳಗೆ ಇಳಿದಿರುತ್ತವೆ. ಒಂದೇ ವಾರದಲ್ಲಿ!

ಇದರ ಅರ್ಥ ಯೋಚಿಸಿ. ಮಗುವಿಗೆ ಲುಕೇಮಿಯಾ ಇದೆ, ಅದು ಯಾರಿಗೂ ಗೊತ್ತಿಲ್ಲ. ಬೆಲ್ಸ್ ಪಾಲ್ಸಿ ಅಂದುಕೊಂಡು ಹತ್ತು ದಿನ ಸ್ಟಿರಾಯ್ಡ್ ಕೊಟ್ಟರು. ಬ್ಲಾಸ್ಟ್‌ಗಳು ಕರಗಿದವು, ಮುಖ ನೆಟ್ಟಗಾಯಿತು. ಮನೆಯವರಿಗೆ ಸಮಾಧಾನ, ಡಾಕ್ಟರಿಗೂ ಸಮಾಧಾನ. ಆದರೆ ಕಾಯಿಲೆ ಹೋಗಿಲ್ಲ, ಅಡಗಿ ಕುಳಿತಿದೆ. ಒಂದೇ ಔಷಧಿಯ ಅರೆಬರೆ ಚಿಕಿತ್ಸೆ ತಿಂದು ಉಳಿದ ಕಣಗಳು ಮತ್ತೆ ತಲೆ ಎತ್ತುತ್ತವೆ.

ಹಲವು ವರ್ಷಗಳ ಹಿಂದೆ ನನ್ನ ಬಳಿ ಬಂದ ಐದು ವರ್ಷದ ಹುಡುಗಿಗೆ ಹೀಗೇ ಆಗಿತ್ತು. ಬೇರೆ ಕಡೆ ಮುಖಕ್ಕೆಂದು ಸ್ಟಿರಾಯ್ಡ್ ಕೊಟ್ಟಿದ್ದರು, ರಕ್ತ ನೋಡಿರಲಿಲ್ಲ. ಎರಡು ವಾರದಲ್ಲಿ ನಗು ವಾಪಸ್ ಬಂತು. ತಿಂಗಳು ಕಳೆಯುವಷ್ಟರಲ್ಲಿ ಮಗು ನಡೆಯಲು ಒಲ್ಲೆ ಅನ್ನತೊಡಗಿತು. ಎತ್ತಿಕೋ, ಎತ್ತಿಕೋ ಎಂದು ಒಂದೇ ಹಠ. ರಾತ್ರಿ ಕಾಲುನೋವೆಂದು ಎದ್ದು ಕೂರುವುದು. ಮಜ್ಜೆ ಪರೀಕ್ಷೆ ಮಾಡಿದಾಗ ತುಂಬ ಬ್ಲಾಸ್ಟ್. ಮುಖ ಸೊಟ್ಟಗಾದ ದಿನ ತೆಗೆದ ಫೋಟೋ ಒಂದು ಅವರಮ್ಮನ ಫೋನಿನಲ್ಲಿತ್ತು, ಡಾಕ್ಟರಿಗೆ ತೋರಿಸಲೆಂದು ತೆಗೆದದ್ದು. ಅವರು ನನಗೆ ಬಾಯಿಯ ಕೊಂಕನ್ನು ಬೆರಳಿಟ್ಟು ತೋರಿಸುತ್ತಿದ್ದರು. ನನ್ನ ಕಣ್ಣು ಮಾತ್ರ ತುಟಿಯ ಬಣ್ಣದ ಮೇಲೆ ನಿಂತಿತು. ಕಾಗದದಂತೆ ಬಿಳಿಚಿಕೊಂಡಿತ್ತು. ಅವತ್ತು ಎಲ್ಲರೂ ಸೊಟ್ಟ ಬಾಯಿಯನ್ನೇ ನೋಡಿದ್ದರು, ತುಟಿಯನ್ನು ಯಾರೂ ನೋಡಿರಲಿಲ್ಲ. ಆ ಫೋಟೋ ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ. ಹುಡುಗಿ ಚಿಕಿತ್ಸೆ ಮುಗಿಸಿ ಚೆನ್ನಾಗಿದ್ದಾಳೆ. ಆದರೆ ಆ ತಿಂಗಳ ವಿಳಂಬಕ್ಕೆ ಅವಳು ಬೆಲೆ ತೆತ್ತಳು.

ಯಾವ ಬೆಲೆ ಅಂದರೆ ಇದು. ಲುಕೇಮಿಯಾ ಇರುವ ಮಗುವಿಗೆ ಎಷ್ಟು ತೀವ್ರವಾದ ಔಷಧಿ ಬೇಕು ಎಂದು ಅಳೆಯಲು ನಾವು ಮೊದಲು ನೋಡುವುದು ಎರಡು ಸಂಗತಿ. ಮಗುವಿನ ವಯಸ್ಸು, ಮತ್ತು ಚಿಕಿತ್ಸೆಗೆ ಮುಂಚೆ ರಕ್ತದಲ್ಲಿ ಬಿಳಿ ಕಣ ಎಷ್ಟಿತ್ತು. ವಯಸ್ಸು ಒಂದರಿಂದ ಹತ್ತರೊಳಗಿದ್ದು, ಕಣ ಮೈಕ್ರೋಲೀಟರಿಗೆ 50,000ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ ಎಂದು ಲೆಕ್ಕ. ಸ್ಟಿರಾಯ್ಡ್ ಕೊಟ್ಟ ಮೇಲೆ ರಕ್ತ ನೋಡಿದರೆ ಮೊದಲಿನ ಸಂಖ್ಯೆ ಎಷ್ಟಿತ್ತೆಂದು ಹೇಳುವವರು ಯಾರು? ಗೊತ್ತಾಗದಿದ್ದಾಗ ಕಡಿಮೆ ಕೊಟ್ಟು ತಪ್ಪು ಮಾಡುವುದಕ್ಕಿಂತ ಜಾಸ್ತಿ ಕೊಡುವುದೇ ಕ್ಷೇಮ ಎಂದು ತೀರ್ಮಾನಿಸಬೇಕಾಗುತ್ತದೆ. ಆ ಹುಡುಗಿಗೆ ಬಹುಶಃ ಬೇಕಾಗಿದ್ದಕ್ಕಿಂತ ಹೆಚ್ಚು ಔಷಧಿ ಕೊಡಬೇಕಾಯಿತು. ಇನ್ನೊಂದು ಅಪಾಯವೂ ಇದೆ. ಬ್ಲಾಸ್ಟ್‌ಗಳು ಒಮ್ಮೆಲೇ ಸಾಯುವಾಗ ಒಳಗಿನ ಪೊಟ್ಯಾಸಿಯಂ, ಫಾಸ್ಫೇಟ್ ಎಲ್ಲ ರಕ್ತಕ್ಕೆ ಸುರಿಯುತ್ತವೆ, ಯೂರಿಕ್ ಆಮ್ಲ ಏರುತ್ತದೆ. ಕಿಡ್ನಿ ಕೈಕೊಡಬಹುದು, ಹೃದಯದ ಬಡಿತ ತಪ್ಪಬಹುದು. ಆಸ್ಪತ್ರೆಯಲ್ಲಿದ್ದರೆ ಡ್ರಿಪ್ ಹಾಕಿ, ಗಂಟೆಗಂಟೆಗೆ ನೋಡಿ ತಡೆಯುತ್ತೇವೆ. ಮನೆಯಲ್ಲಿ ಮಾತ್ರೆ ನುಂಗುತ್ತಿರುವ ಮಗುವಿಗೆ ಆ ಕಾವಲಿಲ್ಲ.

ಮಾತ್ರೆ ತಡವಾದರೆ ಮುಖ ಹಾಗೇ ಉಳಿಯುತ್ತಾ ಎಂದು ಕೇಳಿದ್ದೀರಿ. ಉಳಿಯುವುದಿಲ್ಲ, ಹೆದರಬೇಡಿ. ಬೆಲ್ಸ್ ಪಾಲ್ಸಿಯಲ್ಲಿ ಸ್ಟಿರಾಯ್ಡನ್ನು ಮೊದಲ 72 ಗಂಟೆಯೊಳಗೆ ಶುರು ಮಾಡಿದರೆ ಸಾಕು. ರಕ್ತದ ರಿಪೋರ್ಟ್ ಬರಲು ಕೆಲವು ಗಂಟೆ, ಹೆಚ್ಚೆಂದರೆ ಒಂದು ದಿನ. ಅಲ್ಲದೆ ಈ ಮಾತ್ರೆಯ ಲಾಭ ಚೆನ್ನಾಗಿ ಸಾಬೀತಾಗಿರುವುದು ದೊಡ್ಡವರಲ್ಲಿ. 2007ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನದಲ್ಲಿ ಒಂಬತ್ತು ತಿಂಗಳ ಹೊತ್ತಿಗೆ ಪ್ರೆಡ್ನಿಸೋಲೋನ್ ತಿಂದವರಲ್ಲಿ ಶೇಕಡಾ 94 ಜನ ಪೂರ್ತಿ ಗುಣವಾಗಿದ್ದರು, ತಿನ್ನದವರಲ್ಲಿ ಶೇಕಡಾ 82. ಮಕ್ಕಳ ಕಥೆ ಬೇರೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಮಕ್ಕಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ತಿಂಗಳ ಹೊತ್ತಿಗೆ ಮಾತ್ರೆ ತಿಂದವರಿಗೂ ತಿನ್ನದವರಿಗೂ ಗಟ್ಟಿಯಾಗಿ ಹೇಳಬಹುದಾದ ವ್ಯತ್ಯಾಸ ಸಿಗಲಿಲ್ಲ. ಆರು ತಿಂಗಳ ಹೊತ್ತಿಗೆ ಎರಡೂ ಗುಂಪಿನ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಗುಣವಾಗಿದ್ದರು. ಹಾಗಾಗಿ ಒಂದು ದಿನ ಕಾಯುವುದರಿಂದ ನಿಮ್ಮ ಮಗ ಕಳೆದುಕೊಳ್ಳುವುದು ಏನೂ ಇಲ್ಲ. ರಕ್ತ ನೋಡದೆ ಮಾತ್ರೆ ಕೊಟ್ಟರೆ, ಆ ಅಪರೂಪದ ಒಂದು ಮಗು ಕಳೆದುಕೊಳ್ಳುವುದು ಬಹಳ. ನನ್ನ ಅಭಿಪ್ರಾಯ ಕೇಳಿದರೆ, ಮುಖ ಸೋತ ಯಾವ ಮಗುವಿಗೂ ರಕ್ತ ನೋಡದೆ ಸ್ಟಿರಾಯ್ಡ್ ಕೊಡಬಾರದು.

ಪರೀಕ್ಷೆ ಯಾವುದು ಎಂಬುದೂ ಮುಖ್ಯ. ಚೀಟಿಯಲ್ಲಿ ಸಿಬಿಸಿ ಎಂದು ಬರೆದಿರುತ್ತಾರೆ. ಅದರ ಜೊತೆಗೆ ಪೆರಿಫೆರಲ್ ಸ್ಮಿಯರ್ ಎಂದೂ ಇದೆಯಾ ನೋಡಿ, ಇಲ್ಲದಿದ್ದರೆ ಸೇರಿಸಲು ಹೇಳಿ. ಸಿಬಿಸಿ ಎಂದರೆ ರಕ್ತದ ಕಣಗಳನ್ನು ಯಂತ್ರ ಎಣಿಸಿ ಕೊಡುವ ಲೆಕ್ಕ. ಲುಕೇಮಿಯಾ ಅಂದರೆ ಬಿಳಿ ಕಣ ಲಕ್ಷ ದಾಟಲೇಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಎಷ್ಟೋ ಮಕ್ಕಳಲ್ಲಿ ಅದು ಮಾಮೂಲಾಗಿಯೇ ಇರುತ್ತದೆ, ಕೆಲವರಲ್ಲಿ ಕಡಿಮೆಯೂ ಇರುತ್ತದೆ. ಯಂತ್ರ ಕೆಲವೊಮ್ಮೆ ಬ್ಲಾಸ್ಟನ್ನು ಲಿಂಫೋಸೈಟ್ ಅಥವಾ ಮಾನೋಸೈಟ್ ಎಂಬ ಮಾಮೂಲಿ ಬಿಳಿ ಕಣವೆಂದು ಎಣಿಸಿಬಿಡುತ್ತದೆ. ಸ್ಮಿಯರ್‌ನಲ್ಲಿ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಬಣ್ಣ ಹಾಕಿ, ಮನುಷ್ಯರು ಕಣ್ಣಿಟ್ಟು ನೋಡುತ್ತಾರೆ. ಬ್ಲಾಸ್ಟ್ ಕಣ್ಣಿಗೆ ಬಿದ್ದರೆ ಅನುಭವಸ್ಥರು ಗುರುತಿಸುತ್ತಾರೆ. ಕಣದ ತುಂಬ ನೇರಳೆ ಬಣ್ಣದ ಕೋಶಕೇಂದ್ರ (ನ್ಯೂಕ್ಲಿಯಸ್), ಅಂಚಿನಲ್ಲಿ ನೀಲಿಯ ಸಣ್ಣ ಗೆರೆ, ಕೋಶಕೇಂದ್ರದೊಳಗೆ ತೆಳುವಾದ ಒಂದೆರಡು ಚುಕ್ಕಿ. ಪ್ಲೇಟ್‌ಲೆಟ್ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದೊಳಗೆ ಇರಬೇಕು, ಹಿಮೋಗ್ಲೋಬಿನ್ ವಯಸ್ಸಿಗೆ ತಕ್ಕಷ್ಟಿರಬೇಕು. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಈ ಮೂರರಲ್ಲಿ ಎರಡು ಒಟ್ಟಿಗೆ ತಪ್ಪಿದ್ದರೆ ಸುಮ್ನೆ ಬಿಡುವ ಹಾಗಿಲ್ಲ.

ರಿಪೋರ್ಟ್ ಬರುವ ತನಕ ನೀವೇ ಮಗುವನ್ನು ಒಮ್ಮೆ ನೋಡಿ. ಬಟ್ಟೆ ಬಿಚ್ಚಿ, ಒಳ್ಳೇ ಬೆಳಕಿನಲ್ಲಿ. ಮೊಣಕಾಲಿನ ಕೆಳಗೆ ನೀಲಿ ಕಲೆ ಇದ್ದರೆ ಚಿಂತೆ ಬೇಡ, ಓಡಾಡುವ ಹುಡುಗರಿಗೆ ಅದು ಇದ್ದದ್ದೇ. ಬೆನ್ನು, ಹೊಟ್ಟೆ, ತೋಳಿನ ಒಳಭಾಗದಲ್ಲಿ ಪೆಟ್ಟಿಲ್ಲದೆ ಮೂಡಿದ ಕಲೆ ಲೆಕ್ಕಕ್ಕೆ ಬರುತ್ತದೆ. ಸೂಜಿಮೊನೆಯಷ್ಟು ಕೆಂಪು ಚುಕ್ಕಿಗಳಿದ್ದರೆ ಗಾಜಿನ ಲೋಟದ ತಳದಿಂದ ಒತ್ತಿ ನೋಡಿ, ಒತ್ತಿದರೂ ಮಾಸದಿದ್ದರೆ ಅದು ಚರ್ಮದೊಳಗೆ ಒಸರಿದ ರಕ್ತ. ಕೆಳಗಿನ ರೆಪ್ಪೆ ಎಳೆದು ಒಳಗೆ ಕೆಂಪಗಿದೆಯಾ ನೋಡಿ. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಗಂಟು ಕೈಗೆ ಸಿಗುತ್ತಾ? ಕಿವಿಯ ಹಿಂದೆ ಊತ? ವಾರಗಟ್ಟಲೆ ಬಂದು ಹೋಗುವ ಜ್ವರ, ವಸಡಿನಲ್ಲಿ ರಕ್ತ, ಕಾಲುನೋವೆಂದು ರಾತ್ರಿ ಎದ್ದು ಅಳುವುದು, ಆಟ ಬಿಟ್ಟು ಮಲಗುವುದು? ಇವುಗಳಲ್ಲಿ ಯಾವುದಾದರೂ ಇದ್ದರೆ ರಿಪೋರ್ಟಿಗೆ ಕಾಯದೆ ಇವತ್ತೇ ಫೋನ್ ಮಾಡಿ ಹೇಳಿ. ಯಾವುದೂ ಇಲ್ಲದಿದ್ದರೆ ಅರ್ಧ ನಿದ್ದೆಯಾದರೂ ಮಾಡಿ.

ಹಣೆಯನ್ನೂ ನೋಡಿ. ಮೇಲೆ ನೋಡು ಎಂದಾಗ ಎಡಗಡೆಯ ಹಣೆಯಲ್ಲಿ ಗೆರೆ ಮೂಡದಿದ್ದರೆ ತೊಂದರೆ ಮುಖದ ನರದಲ್ಲೇ ಇದೆ. ಹಣೆ ಚೆನ್ನಾಗಿ ಸುಕ್ಕಾಗುತ್ತಿದ್ದು ಬಾಯಿ ಮಾತ್ರ ಸೊಟ್ಟಗಿದ್ದರೆ, ಕೈಕಾಲು ಸೋತರೆ, ಮಾತು ತೊದಲಿದರೆ ಅದು ಮೆದುಳಿನ ವಿಚಾರ. ತಡಮಾಡದೆ ಎಮರ್ಜೆನ್ಸಿಗೆ ಹೋಗಬೇಕು.

ಈಗ ಮೂರನೇ ಪ್ರಶ್ನೆ. ಸಿಬಿಸಿ, ಸ್ಮಿಯರ್ ಎರಡೂ ಸರಿಯಿದ್ದು, ಮಗು ಬೇರೆಲ್ಲ ರೀತಿಯಲ್ಲಿ ಲವಲವಿಕೆಯಿಂದಿದ್ದರೆ ದೊಡ್ಡ ಮಟ್ಟಿಗೆ ನಿಶ್ಚಿಂತೆ. ‘ದೊಡ್ಡ ಮಟ್ಟಿಗೆ’ ಎಂದೆ, ‘ಪೂರ್ತಿ’ ಎನ್ನಲಿಲ್ಲ. ಹಸಿರು ಗಡ್ಡೆಯ ವಿಷಯ ಹೇಳಿದ್ದೆನಲ್ಲ, ಹಾಗೆ ಕೆಲವೇ ಕೆಲವರಲ್ಲಿ ರಕ್ತ ಮೊದಲು ಸುಳಿವು ಕೊಡುವುದಿಲ್ಲ. ಅದಕ್ಕೇ ಮುಂದಿನ ವಾರಗಳು ಮುಖ್ಯ. ಬೆಲ್ಸ್ ಪಾಲ್ಸಿ ಒಂದೆರಡು ದಿನದಲ್ಲಿ ಪೂರ್ತಿ ಏರಿ, ಆಮೇಲೆ ಇಳಿಯಲು ತೊಡಗುತ್ತದೆ. ಹೆಚ್ಚಿನವರಲ್ಲಿ ಮೂರು ವಾರದೊಳಗೆ ಸ್ವಲ್ಪವಾದರೂ ಚಲನೆ ಕಾಣುತ್ತದೆ. ದಿನದಿಂದ ದಿನಕ್ಕೆ ಹೆಚ್ಚುತ್ತಲೇ ಹೋಗುವುದು, ಸರಿಯಾಗಿದ್ದು ಮತ್ತೆ ಸೋಲುವುದು, ಇನ್ನೊಂದು ಕಡೆಯೂ ಸೋಲುವುದು, ಕಿವಿ ಮಂದವಾಗುವುದು, ಒಂದು ಎರಡಾಗಿ ಕಾಣುವುದು, ಗಲ್ಲ ಮರಗಟ್ಟುವುದು ಇವು ಬೆಲ್ಸ್ ಪಾಲ್ಸಿಯ ನಡವಳಿಕೆಯಲ್ಲ. ಎರಡೂ ಕಡೆ ಒಟ್ಟಿಗೆ ಸೋಲುವುದು ಮುಖ ಸೋತವರಲ್ಲಿ ನೂರಕ್ಕೆ ಇಬ್ಬರಿಗೂ ಇರುವುದಿಲ್ಲ. ಅಂಥವರಲ್ಲಿ ಕಾರಣ ಹುಡುಕಲೇಬೇಕು, ಅದರಲ್ಲಿ ಲುಕೇಮಿಯಾವೂ ಒಂದು. ಆಗ ಎಂಆರ್‌ಐ, ಮತ್ತೆ ರಕ್ತ, ಬೇಕಾದರೆ ಮಜ್ಜೆ ಮತ್ತು ಬೆನ್ನಿನ ನೀರಿನ ಪರೀಕ್ಷೆ.

ದೊಡ್ಡವರಿಗೂ ಇದೇ ಮಾತು. ಅವರಲ್ಲಿ ಲಿಂಫೋಮಾ, ಮೈಲೋಮಾ ಎಂಬ ಬೇರೆ ಬಗೆಯ ರಕ್ತದ ಕ್ಯಾನ್ಸರ್ ಕೂಡ ಈ ನರವನ್ನು ಹಿಡಿಯಬಹುದು. ಹಿಂದೆ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರಿಗೆ ಹೊಸದಾಗಿ ಮುಖ ಸೋತರೆ, ಕಾಯಿಲೆ ಮರುಕಳಿಸಿಲ್ಲ ಎಂದು ಖಚಿತವಾಗುವ ತನಕ ಅದನ್ನು ಬೆಲ್ಸ್ ಪಾಲ್ಸಿ ಎನ್ನಬಾರದು.

ಒಂದು ವೇಳೆ, ಆ ಅಪರೂಪದ್ದೇ ಆಗಿದ್ದರೆ? ಅದನ್ನೂ ಹೇಳಿಬಿಡುತ್ತೇನೆ, ಗೊತ್ತಿಲ್ಲದ ಭಯಕ್ಕಿಂತ ಗೊತ್ತಿರುವುದು ಒಳ್ಳೆಯದು. ಮಕ್ಕಳ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ ಇವತ್ತು ಹೆಚ್ಚಿನ ಮಕ್ಕಳಲ್ಲಿ ಗುಣವಾಗುವ ಕಾಯಿಲೆ. ಒಳ್ಳೆಯ ಸೌಲಭ್ಯವಿರುವ ಕಡೆ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ. ಲುಕೇಮಿಯಾದಿಂದಲೇ ಮುಖದ ನರ ಸೋತಿದ್ದರೆ, ಬೆನ್ನಿನ ನೀರಿನಲ್ಲಿ ಬ್ಲಾಸ್ಟ್ ಸಿಗದಿದ್ದರೂ ಕಾಯಿಲೆ ಮೆದುಳಿನ ಪೊರೆಗೆ ತಲುಪಿದೆ ಎಂದೇ ಲೆಕ್ಕ ಹಿಡಿದು ಅತ್ತ ಜಾಸ್ತಿ ಗಮನ ಕೊಡುತ್ತಾರೆ. ಬಾಯಲ್ಲಿ ಕೊಡುವ ಎಷ್ಟೋ ಔಷಧಿ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ, ಹಾಗಾಗಿ ಮೆಥೋಟ್ರೆಕ್ಸೇಟ್‌ನಂಥ ಔಷಧಿಯನ್ನು ನೇರವಾಗಿ ಬೆನ್ನಿನ ನೀರಿಗೇ ಹಾಕುತ್ತಾರೆ. ಚಿಕಿತ್ಸೆ ಎರಡು ವರ್ಷ ದಾಟುತ್ತದೆ. ಮುಖವೂ ಎಷ್ಟೋ ಮಕ್ಕಳಲ್ಲಿ ಅದರ ಜೊತೆಗೇ ಸರಿಹೋಗುತ್ತದೆ, ಕೆಲವರಲ್ಲಿ ಚೂರು ಕೊಂಕು ಉಳಿಯಬಹುದು.

ಇವತ್ತು ರಾತ್ರಿಯಿಂದಲೇ ನೀವು ಮಾಡಬೇಕಾದ ಒಂದು ಕೆಲಸವಿದೆ, ಕಾರಣ ಯಾವುದೇ ಇರಲಿ. ಮಗು ಮಲಗಿದಾಗ ಎಡಗಣ್ಣು ನೋಡಿ. ರೆಪ್ಪೆ ಅರ್ಧ ತೆರೆದೇ ಇರುತ್ತದೆ, ಬಿಳಿ ಗುಡ್ಡೆ ಕಾಣುತ್ತದೆ. ಹಾಗೇ ಬಿಟ್ಟರೆ ಕಣ್ಣಿನ ಕಪ್ಪು ಭಾಗ ಒಣಗಿ ಹುಣ್ಣಾಗುತ್ತದೆ. ಮುಖ ಸರಿಹೋದರೂ ದೃಷ್ಟಿ ಮಂಜಾಗಿಯೇ ಉಳಿಯಬಹುದು. ಹಗಲಲ್ಲಿ ಎರಡು ಗಂಟೆಗೊಮ್ಮೆ ಕೃತಕ ಕಣ್ಣೀರಿನ ಹನಿ. ಮಲಗುವಾಗ ಡಾಕ್ಟರು ಬರೆದುಕೊಟ್ಟ ಕಣ್ಣಿನ ಮುಲಾಮು ಹಚ್ಚಿ, ರೆಪ್ಪೆಯನ್ನು ಬೆರಳಿಂದ ಮೆಲ್ಲಗೆ ಇಳಿಸಿ, ಕಾಗದದ ಟೇಪನ್ನು ರೆಪ್ಪೆಯಿಂದ ಕೆನ್ನೆಗೆ ಅಂಟಿಸಿ. ಟೇಪಿನ ಅಂಚು ಕಣ್ಣಿಗೆ ತಾಕಬಾರದು. ಬೆಳಿಗ್ಗೆ ಕಣ್ಣು ಕೆಂಪಾಗಿದ್ದರೆ, ನೋವೆಂದರೆ, ಬೆಳಕಿಗೆ ಚುಚ್ಚುತ್ತೆ ಎಂದರೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ರಕ್ತದ ರಿಪೋರ್ಟ್ ಕೈಗೆ ಬಂದಾಗ ಸ್ಮಿಯರ್ ಎಂದು ಬರೆದಿರುವ ಸಾಲನ್ನು ಹುಡುಕಿ ಓದಿ. ಆ ಸಾಲೇ ಇಲ್ಲದಿದ್ದರೆ ಲ್ಯಾಬಿಗೆ ವಾಪಸ್ ಹೋಗಿ ಕೇಳಿ. ಅದೇ ರಕ್ತದಲ್ಲಿ ಮಾಡಿಕೊಡಲು ಸಾಧ್ಯವಿರುತ್ತದೆ, ಮಗುವಿಗೆ ಮತ್ತೆ ಚುಚ್ಚಬೇಕಾಗದೆ ಇರಬಹುದು.